ಕೇಳುವ ಮೊದಲೇ ಕಟ್ಟಪ್ಪಣೆ, ಅದೂ ಲ್ಯಾಟಿನ್ನಿನಲ್ಲಿ

ಅಮೆರಿಕದ ಸಿವಿಲ್ ನ್ಯಾಯಾಲಯಗಳಲ್ಲಿ ಉಳಿದುಬಂದಿರುವ ಲ್ಯಾಟಿನ್ ಪದಗಳು ವಿದ್ವತ್ತಿನ ನಿರುಪದ್ರವಿ ಅಲಂಕಾರಗಳೆಂದು ಹೇಳುವವರಿದ್ದಾರೆ. ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರದು ಇದೇ ಅಭಿಪ್ರಾಯ. ನಾನು ಇದನ್ನು ಒಪ್ಪಲಾರೆ. ಅಂತಿಮ ತೀರ್ಪಿನಲ್ಲಿ ಲ್ಯಾಟಿನ್ ಇದ್ದರೆ ಸಹಿಸೋಣ. ತೀರ್ಪಿಗೆ ಮುಂಚಿನ ತಾತ್ಕಾಲಿಕ ಕ್ರಮಗಳಲ್ಲಿ ಅದನ್ನು ಸಹಿಸಕೂಡದು.

ಆ ಪದಗಳನ್ನು ಒಮ್ಮೆ ಬಿಡಿಸಿ ನೋಡಿ. 'ಎಕ್ಸ್ ಪಾರ್ಟೆ' ಎಂದರೆ ಒಂದು ಪಕ್ಷದ ಕಡೆಯಿಂದ ಮಾತ್ರ. 'ಪೆಂಡೆಂಟೆ ಲೀಟೆ' ಎಂದರೆ ವ್ಯಾಜ್ಯ ಮುಗಿಯುವ ತನಕ. ವಿಚ್ಛೇದನದ ದಾವೆಗಳಲ್ಲಿ ಮಧ್ಯಂತರ ಜೀವನಾಂಶಕ್ಕೆ ಈ ಹೆಸರು. 'ಲಿಸ್ ಪೆಂಡೆನ್ಸ್' ಎಂದರೆ ಬಾಕಿಯಿರುವ ವ್ಯಾಜ್ಯ. ಮನೆಯ ಮೇಲೆ ಇಂಥ ಸೂಚನೆ ನೋಂದಣಿಯಾಯಿತೆಂದರೆ ಅದನ್ನು ಮಾರುವುದು ದುಸ್ತರ. 'ನೆ ಎಕ್ಸಿಯಾಟ್' ಎಂದರೆ ಅವನು ಹೊರಹೋಗದಿರಲಿ. ಇವೆಲ್ಲವೂ ಯಾರು ಸರಿ, ಯಾರು ತಪ್ಪು ಎಂಬುದು ನಿರ್ಧಾರವಾಗುವುದಕ್ಕೆ ಮೊದಲೇ ಮನುಷ್ಯನ ಕೈಕಾಲು ಕಟ್ಟುವ ಆಜ್ಞೆಗಳು.

ನನ್ನ ಆಕ್ಷೇಪಣೆಯ ತಿರುಳು ಇಲ್ಲಿದೆ. ಅಂತಿಮ ತೀರ್ಪು ಬರುವ ಹೊತ್ತಿಗೆ ಕಕ್ಷಿದಾರನು ವಕೀಲರನ್ನು ಕಂಡು, ನಾಲ್ಕಾರು ಬಾರಿ ನ್ಯಾಯಾಲಯದ ಮೆಟ್ಟಿಲು ಹತ್ತಿ, ಅಲ್ಲಿಯ ಭಾಷೆಯನ್ನು ತಕ್ಕಮಟ್ಟಿಗೆ ಕಲಿತಿರುತ್ತಾನೆ. ತಾತ್ಕಾಲಿಕ ಆಜ್ಞೆಯಾದರೋ ಮೊದಲ ದಿನವೇ ಬಾಗಿಲು ತಟ್ಟುತ್ತದೆ. ಅಮೆರಿಕದ ಫೆಡರಲ್ ಸಿವಿಲ್ ನಿಯಮಾವಳಿಯ 65ನೆಯ ನಿಯಮದ ಪ್ರಕಾರ, ಎದುರು ಪಕ್ಷಕ್ಕೆ ತಿಳಿಸದೆ ಹೊರಡಿಸಿದ ತಡೆಯಾಜ್ಞೆಗೆ ಸಾಮಾನ್ಯವಾಗಿ 14 ದಿನಗಳ ಆಯುಸ್ಸು. ಅದನ್ನು ರದ್ದುಪಡಿಸಿರೆಂದು ಎರಡು ದಿನಗಳ ಸೂಚನೆ ಕೊಟ್ಟು ಕೇಳಿಕೊಳ್ಳುವ ಹಕ್ಕೂ ಉಂಟು. ಆದರೆ ಕಾಗದದಲ್ಲಿ ಬರೆದಿರುವುದೇ ಅರ್ಥವಾಗದವನಿಗೆ ಆ ಹಕ್ಕು ಇದ್ದೂ ಇಲ್ಲದಂತೆ. ಸಿವಿಲ್ ದಾವೆಗಳಲ್ಲಿ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂಬ ಸಾಮಾನ್ಯ ನಿಯಮವೂ ಅಲ್ಲಿಲ್ಲ.

ಇದು ಬರಿಯ ಮಾತಿನ ಜಗಳವಲ್ಲ. ಫ್ಲಾರಿಡಾದ ಮಹಿಳೆಯೊಬ್ಬರು ಕಂತಿನ ಮೇಲೆ ಗ್ಯಾಸ್ ಒಲೆಯನ್ನೂ ಸ್ಟೀರಿಯೊವನ್ನೂ ಕೊಂಡು, ವರ್ಷಕ್ಕೂ ಮೀರಿ ಹಣ ಕಟ್ಟಿದ್ದರು. ಸುಮಾರು 200 ಡಾಲರ್ ಬಾಕಿಯಿದ್ದಾಗ ಒಲೆಯ ದುರಸ್ತಿಯ ವಿಷಯದಲ್ಲಿ ತಕರಾರು ಹುಟ್ಟಿತು. ಸಮನ್ಸ್ ಆಕೆಯ ಕೈಸೇರುವ ಮೊದಲೇ ಮಾರಾಟಗಾರರು 'ರಿಪ್ಲೆವಿನ್' ಆದೇಶ ಪಡೆದರು. ಅಧಿಕಾರಿ ಬಂದು ಎರಡನ್ನೂ ಹೊತ್ತೊಯ್ದ. (ಈ ಪದ ಲ್ಯಾಟಿನ್ನಿನ ದಾಯಾದಿಯಾದ ಹಳೆಯ ಫ್ರೆಂಚಿನದು.) 1972ರಲ್ಲಿ 'ಫ್ಯುಯೆಂಟೆಸ್ ವರ್ಸಸ್ ಶೆವಿನ್' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮುಂಚಿತವಾಗಿ ತಿಳಿಸದೆ, ಅಹವಾಲು ಕೇಳದೆ ವಸ್ತುಗಳನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ ಅಂಥ ಕಾನೂನುಗಳು ಸಂವಿಧಾನಬಾಹಿರವೆಂದಿತು. ಆದರೆ 1974ರಲ್ಲಿ ಲೂಯಿಸಿಯಾನಾದ ಪ್ರಕರಣವೊಂದರಲ್ಲಿ, ನ್ಯಾಯಾಧೀಶರ ಮೇಲ್ವಿಚಾರಣೆ ಮುಂತಾದ ರಕ್ಷಣೆಗಳಿದ್ದ ಜಪ್ತಿಯನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಕೇಳುವ ಮೊದಲೇ ಕಸಿಯುವ ಅಧಿಕಾರ ಪೂರ್ತಿ ಅಳಿದಿಲ್ಲ. ಅಧಿಕಾರ ಉಳಿಯುವುದಾದರೆ, ಅದರ ಹೆಸರಾದರೂ ನೇರವಾಗಿರಲಿ.

"ಶತಮಾನಗಳಿಂದ ಅರ್ಥ ನಿಶ್ಚಿತವಾಗಿರುವ ಪದಗಳು, ಬದಲಿಸಿದರೆ ಗೊಂದಲ" ಎಂಬುದು ವಕೀಲರ ಸಮಾಧಾನ. ಇದು ನಿಲ್ಲುವ ವಾದವಲ್ಲ. 1938ರಲ್ಲಿ ಜಾರಿಗೆ ಬಂದ ಆ 65ನೆಯ ನಿಯಮವೇ 'ಸೂಚನೆಯಿಲ್ಲದೆ' ಎಂಬರ್ಥದ ತಿಳಿ ಇಂಗ್ಲಿಷನ್ನು ಬಳಸಿದೆ; ಲ್ಯಾಟಿನ್ ಉಳಿದಿರುವುದು ವಕೀಲರ ಬಾಯಲ್ಲಿ. ಇಂಗ್ಲೆಂಡು 1999ರ ಸಿವಿಲ್ ನಿಯಮಾವಳಿಯಲ್ಲಿ 'ಎಕ್ಸ್ ಪಾರ್ಟೆ'ಯನ್ನು ಕೈಬಿಟ್ಟು 'ಸೂಚನೆಯಿಲ್ಲದೆ' ಎಂದು ಬರೆಯಿತು. ಅದರಿಂದ ಅಲ್ಲಿನ ನ್ಯಾಯಾಲಯಗಳೇನೂ ಮುಚ್ಚಿಹೋಗಲಿಲ್ಲ. 'ಹೇಬಿಯಸ್ ಕಾರ್ಪಸ್' ಉಳಿಯಲಿ; ಅದು ಪ್ರಜೆಯ ಕೈಯ ಆಯುಧ, ಪ್ರಜೆಯೇ ಅದನ್ನು ಬಲ್ಲ. ಪ್ರಜೆಯ ಮೇಲೆ ಬೀಸುವ ಆಯುಧದ ಹೆಸರು ಅವನಿಗೆ ತಿಳಿಯಬೇಡವೇ?

ನಮ್ಮ ಕನ್ನಡ ಇಲ್ಲಿ ಪಾಠ ಹೇಳಬಲ್ಲದು. 'ಏಕಪಕ್ಷೀಯ ಆದೇಶ' ಎಂಬ ಮಾತನ್ನೇ ಗಮನಿಸಿ. ಕೇಳಿದೊಡನೆ "ಇನ್ನೊಂದು ಪಕ್ಷವನ್ನು ಕೇಳಿಲ್ಲ" ಎಂಬ ಸತ್ಯ ಬಯಲಾಗುತ್ತದೆ. ಆದೇಶ ತನ್ನ ಕೊರತೆಯನ್ನು ತಾನೇ ಸಾರುತ್ತದೆ. 'ಎಕ್ಸ್ ಪಾರ್ಟೆ' ಅದೇ ಕೊರತೆಯನ್ನು ಗಾಂಭೀರ್ಯದ ನಿಲುವಂಗಿಯಲ್ಲಿ ಮುಚ್ಚಿಡುತ್ತದೆ. ನಮ್ಮ ದೇಶವೂ ಈ ದೋಷದಿಂದ ಮುಕ್ತವಲ್ಲವೆನ್ನಿ. 1955ರ ಹಿಂದೂ ವಿವಾಹ ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ 24ನೆಯ ಕಲಮಿನ ಶೀರ್ಷಿಕೆಯಲ್ಲಿಯೇ 'ಪೆಂಡೆಂಟೆ ಲೀಟೆ' ಕುಳಿತಿದೆ.

ವಕೀಲಿ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ. ನೀವು ಯಾವ ದೇಶದಲ್ಲಿಯೇ ಇರಿ, ಒಬ್ಬನ ಮಾತು ಕೇಳುವ ಮೊದಲೇ ಅವನನ್ನು ಕಟ್ಟಿಹಾಕುವ ಕಾಗದ ಬರೆಯಬೇಕಾಗಿ ಬಂದರೆ, ಅವನು ಓದಿದೊಡನೆ ತಿಳಿಯುವಂತೆ ಬರೆಯಿರಿ.