ಪೀಣ್ಯದ ಪಾಡಿಗೆ ಸಾಕ್ಷಿ ಯಾರು?

2016ರ ಏಪ್ರಿಲ್ 18 ಮತ್ತು 19. ಹೊಸೂರು ರಸ್ತೆಯ ಉದ್ದಕ್ಕೂ, ಇತ್ತ ತುಮಕೂರು ರಸ್ತೆಯ ಪೀಣ್ಯ, ಜಾಲಹಳ್ಳಿ ಕ್ರಾಸ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿತ್ತು. ನಲವತ್ತರ ಹೊತ್ತಿಗೇ ಕಣ್ಣು, ಸೊಂಟ ಎರಡೂ ಸೋಲುವ ಕೆಲಸ ಅದು. ಅವರ ಬಾಯಲ್ಲಿ ‘ಪಿಎಫ್ ದುಡ್ಡು’ ಅಂದರೆ ಮಗಳ ಕಾಲೇಜು ಫೀಸು, ಬಾಡಿಗೆ ಮನೆಯ ಅಡ್ವಾನ್ಸು, ಊರಿನ ಸಾಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಬೆಂಗಳೂರಿನ ಈ ಹೆಣ್ಣುಮಕ್ಕಳಿಂದಾಗಿ ದೇಶದ ಎಲ್ಲ ನೌಕರರ ದುಡ್ಡು ಉಳಿಯಿತು.

ಆ ಎರಡು ದಿನಗಳನ್ನು ಇವತ್ತು ನೋಡಹೊರಟರೆ ಮೊದಲು ಕೈಗೆ ಸಿಗುವುದು ಉರಿಯುವ ಬಸ್ಸು, ಹೆಬ್ಬಗೋಡಿ ಠಾಣೆಯ ಬಳಿಯ ಹೊಗೆ, ಬೀಸುತ್ತಿರುವ ಲಾಠಿ. ಎಲ್ಲವೂ ಒಂದೆರಡು ನಿಮಿಷದ ತುಣುಕುಗಳು. ಅವುಗಳಲ್ಲಿ ಹೆಣ್ಣುಮಕ್ಕಳ ಮಾತಿಲ್ಲ. ಗಲಭೆಯ ದಾಖಲೆ ಉಳಿದಿದೆ, ಅದಕ್ಕೆ ಕಾರಣವಾದ ಬದುಕಿನ ದಾಖಲೆ ತುಣುಕುಗಳಲ್ಲಿ ಚದುರಿಹೋಗಿದೆ.

ಇದನ್ನು ಚಿತ್ರರಸಿಕರ ಕೊರಗು ಎಂದು ತಳ್ಳಿಹಾಕಬೇಡಿ. ಸಾಕ್ಷ್ಯಚಿತ್ರ ಎಂಬ ಕನ್ನಡದ ಹೆಸರಿನಲ್ಲೇ ಅದರ ಕೆಲಸವಿದೆ. ಸಾಕ್ಷಿ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ವೈಟ್‌ಫೀಲ್ಡ್‌ನ ಮಗ್ಗುಲಲ್ಲೇ ನಾವು ಕಂಡಿದ್ದೇವೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದ ಗುಡಿಸಲುಗಳ ವಿಡಿಯೊ ಒಂದು ಹರಿದಾಡಿತು. ಇಲ್ಲಿರುವವರು ಬಾಂಗ್ಲಾದೇಶದಿಂದ ಬಂದ ಅಕ್ರಮ ವಲಸಿಗರು ಎಂಬ ಆರೋಪ ಅದರ ಜೊತೆಗಿತ್ತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ಟಾರ್ಪಾಲು, ತಗಡಿನ ಮನೆಗಳು ನೆಲಸಮವಾದವು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಆಧಾರ್, ಮತದಾರರ ಚೀಟಿ ಹಿಡಿದು ಮುರಿದ ತಗಡಿನ ಪಕ್ಕ ನಿಂತರು. ಆ ನೆಲಸಮ ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿತು. ಆದರೆ ಅಷ್ಟರಲ್ಲಿ ಮನೆಗಳು ಹೋಗಿದ್ದವು. ಆ ವಿಡಿಯೊ ತೆಗೆಯಲು ಹಿಡಿದದ್ದು ಕೆಲವು ನಿಮಿಷ. ಅದೇ ಓಣಿಯಲ್ಲಿ ಯಾರಾದರೂ ಆರು ತಿಂಗಳು ಕ್ಯಾಮೆರಾ ಹಿಡಿದು ಕೂತಿದ್ದರೆ, ಮುಂಜಾನೆ ಅಪಾರ್ಟ್‌ಮೆಂಟುಗಳಿಗೆ ಕಸ ಎತ್ತಲು, ಪಾತ್ರೆ ತೊಳೆಯಲು ಹೊರಡುವವರು ಯಾರೆಂದು ಊರಿಗೆ ಮೊದಲೇ ಗೊತ್ತಿರುತ್ತಿತ್ತು.

ಹಾಗೆ ಕೂತು ಚಿತ್ರ ಮಾಡಿದವರು ನಮ್ಮಲ್ಲಿ ಇದ್ದರು ಎಂಬುದನ್ನು ಮರೆಯಬಾರದು. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ಬೆಂಗಳೂರಿನಲ್ಲಿ ‘ಯುಗಾಂತರ್’ ಕಟ್ಟಿದರು. ನಮ್ಮ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, ಅವರ ಮುಷ್ಕರದ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, 1982ರಲ್ಲಿ ‘ತಂಬಾಖು ಚಾಕಿಲಾ ಊಬ್ ಆಲಿ’ ಚಿತ್ರ ಮಾಡಿದರು. ಚಿತ್ರವನ್ನು ತಿರುಗಿ ಕೂಲಿಕಾರರ ಮುಂದೆಯೇ ತೋರಿಸುವುದು ಆ ತಂಡದ ಪದ್ಧತಿಯಾಗಿತ್ತು. ಹೀಗೆಯೇ ಅಮೆರಿಕದ ಕೆಂಟಕಿಯ ಗಣಿ ಕಾರ್ಮಿಕರ ಮುಷ್ಕರದ ನಡುವೆ ಬದುಕಿ ಬಾರ್ಬರಾ ಕಾಪಲ್ ‘ಹಾರ್ಲನ್ ಕೌಂಟಿ ಯುಎಸ್ಎ’ ಮಾಡಿದ್ದು 1976ರಲ್ಲಿ. ಅದಕ್ಕೆ ಆಸ್ಕರ್ ಬಂತು. ಆದರೆ ನಿಪ್ಪಾಣಿಯ ಚಿತ್ರವನ್ನು ಜೀರ್ಣೋದ್ಧಾರ ಮಾಡಿ ಕಾಪಾಡಲು ಬರ್ಲಿನ್‌ನ ಆರ್ಸೆನಾಲ್ ಸಂಸ್ಥೆ ಬರಬೇಕಾಯಿತು. ನಮ್ಮ ರಾಜ್ಯದ ಹೆಣ್ಣುಮಕ್ಕಳ ದನಿಯನ್ನು ಜರ್ಮನಿಯವರು ಉಳಿಸಿಕೊಟ್ಟಿದ್ದಾರೆ. ಇದು ನಮಗೆ ನಾಚಿಕೆಯ ಸಂಗತಿ.

ಐಟಿ ಕಚೇರಿಗಳ ಒಳಗನ್ನು ಗೌತಮ್ ಸೊಂಟಿ ಮತ್ತು ಕರೋಲ್ ಉಪಾಧ್ಯ ‘ಕೋಡಿಂಗ್ ಕಲ್ಚರ್’ ಸರಣಿಯಲ್ಲಿ 2006ರಷ್ಟು ಹಿಂದೆಯೇ ತೋರಿಸಿದರು. ಮೆಟ್ರೊ, ರಸ್ತೆ ಅಗಲೀಕರಣಗಳ ಅಡಿಗೆ ಸಿಕ್ಕವರನ್ನು ಸೊಂಟಿ ಮತ್ತು ಉಷಾ ರಾವ್ 2014ರ ‘ಅವರ್ ಮೆಟ್ರೊಪೊಲಿಸ್’ನಲ್ಲಿ ಹಿಡಿದಿಟ್ಟರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಎಷ್ಟು ಮಂದಿ ಇವನ್ನು ನೋಡಿದ್ದಾರೆ? ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಎಳೆಯುವ ಪ್ರಸ್ತಾಪ 2024ರಲ್ಲಿ ಬಂದಾಗ ನೌಕರರ ಸಂಘ ಎದ್ದು ನಿಂತಿತು. ಆ ಪ್ರತಿರೋಧಕ್ಕೂ ನಮ್ಮ ನೆನಪಿನಲ್ಲಿ ಉಳಿದದ್ದು ಒಂದೆರಡು ಸುದ್ದಿ ತುಣುಕುಗಳೇ.

ಮಾಡಿದ ಚಿತ್ರಕ್ಕೂ ಪರದೆ ಸಿಗುತ್ತಿಲ್ಲ ಎಂಬುದು ಇನ್ನೂ ಆತಂಕದ ಮಾತು. 2024ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಕೇಸರಿ ಹರವೂ ಅವರ ‘ಕಿಸಾನ್ ಸತ್ಯಾಗ್ರಹ’ ಆಯ್ಕೆಯಾಗಿತ್ತು. ದೆಹಲಿಯ ಗಡಿಯಲ್ಲಿ ರೈತರು ನಡೆಸಿದ ಹೋರಾಟದ ಚಿತ್ರ ಅದು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅನುಮತಿ ಕೊಡಲಿಲ್ಲ, ಪ್ರದರ್ಶನ ನಿಂತಿತು. ಕನ್ನಡದ ನಿರ್ದೇಶಕನ ಚಿತ್ರವನ್ನು ಕರ್ನಾಟಕ ಸರ್ಕಾರದ ಉತ್ಸವದಲ್ಲಿ ಕನ್ನಡಿಗರು ನೋಡಬಹುದೇ ಎಂದು ದೆಹಲಿ ತೀರ್ಮಾನಿಸಿತು. ಸೆನ್ಸಾರ್ ಮಂಡಳಿಯ ಕತ್ತರಿಗೆ ಸಿಕ್ಕ ನಿರ್ದೇಶಕರು ಮೊರೆಹೋಗುತ್ತಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲೇ ರದ್ದು ಮಾಡಲಾಗಿದೆ. ಈಗ ಹೈಕೋರ್ಟ್ ಮೆಟ್ಟಿಲೇ ಹತ್ತಬೇಕು. ಕೈಯಿಂದ ದುಡ್ಡು ಹಾಕಿ ಚಿತ್ರ ಮಾಡುವವರು ವಕೀಲರ ಫೀಸಿಗೆ ಎಲ್ಲಿಗೆ ಹೋಗಬೇಕು?

ದೆಹಲಿಯನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಉತ್ಸವ ನಡೆದದ್ದು ಒರಾಯನ್ ಮಾಲ್‌ನಲ್ಲಿ. ಅಲ್ಲಿಂದ ಪೀಣ್ಯಕ್ಕೆ ಹೆಚ್ಚು ದೂರವಿಲ್ಲ. ಆದರೆ ಪೀಣ್ಯ ಎರಡನೇ ಹಂತದಲ್ಲಿ ಸಂಜೆ ಪಾಳಿ ಬಿಟ್ಟು, ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ ಲಗ್ಗೆರೆ, ಹೆಗ್ಗನಹಳ್ಳಿಯ ಕಡೆ ದಾಪುಗಾಲು ಹಾಕುವ ಹೆಣ್ಣುಮಗಳಿಗೆ ಆ ಮಾಲ್‌ನ ಬಾಗಿಲು ದೂರವೇ. ಅವಳ ಬದುಕನ್ನು ಕುರಿತ ಚಿತ್ರವನ್ನು ಅವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ನೋಡಿ ಚಪ್ಪಾಳೆ ತಟ್ಟುವುದು ಯಾವ ನ್ಯಾಯ? ನಗರದಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಎಂಬ ಕಟ್ಟಳೆ ಬಂದ ಮೇಲೆ, ತನ್ನ ಕಾರ್ಖಾನೆಯ ಗೇಟಿನ ಮುಂದೆ ನಿಂತು ಕೂಗುವ ಹಕ್ಕೂ ಅವಳಿಗಿಲ್ಲ.

ರಾಜ್ಯ ಸರ್ಕಾರ ಮಾಡಬಹುದಾದದ್ದು ಬೇಕಾದಷ್ಟಿದೆ, ಅದಕ್ಕೆ ದೆಹಲಿಯ ಅಪ್ಪಣೆಯೂ ಬೇಡ. ಕರ್ನಾಟಕ ಚಲನಚಿತ್ರ ಅಕಾಡೆಮಿ ಕಾರ್ಮಿಕರ ಬದುಕಿನ ಸಾಕ್ಷ್ಯಚಿತ್ರಗಳಿಗೆ ಪ್ರತ್ಯೇಕ ಅನುದಾನ ಇಡಲಿ. ಸ್ಥಳೀಯ ಸಂಸ್ಥೆಗಳು ಪೀಣ್ಯ, ಬೊಮ್ಮಸಂದ್ರ, ಮಹದೇವಪುರದ ಸಮುದಾಯ ಭವನಗಳನ್ನು ತಿಂಗಳಿಗೊಂದು ಭಾನುವಾರ ಇದಕ್ಕಾಗಿ ಬಿಟ್ಟುಕೊಡಲಿ. 2016ರ ಆ ಎರಡು ದಿನ ರಸ್ತೆಯಲ್ಲಿದ್ದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಇನ್ನೂ ಅದೇ ಲೈನುಗಳಲ್ಲಿ ಹೊಲಿಯುತ್ತಿದ್ದಾರೆ, ಕೆಲವರು ಊರಿಗೆ ಮರಳಿದ್ದಾರೆ. ಅವರ ಮಾತನ್ನು ದಾಖಲಿಸುವ ಕೆಲಸ ಈ ವರ್ಷವೇ ಶುರುವಾಗಲಿ. ಸಮುದಾಯ ಭವನದ ಮೊದಲ ಭಾನುವಾರಕ್ಕೆ ನಿಪ್ಪಾಣಿಯ ಚಿತ್ರ ತರಿಸಿ, ಕನ್ನಡದ ಅಡಿಬರಹ ಹಾಕಿ, ಪೀಣ್ಯದ ಹೆಣ್ಣುಮಕ್ಕಳಿಗೆ ತೋರಿಸಿ. ಅದು ಅರ್ಧ ಗಂಟೆಯನ್ನೂ ದಾಟದ ಚಿತ್ರ.