ಸುದ್ದಿಯ ಕರಡು ಯಾರ ಮನೆಯಲ್ಲಿರಬೇಕು?

2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿದ್ದರಿಂದ ಪ್ರವಾಸಿಯೊಬ್ಬರು ಸತ್ತರು. ಇಂಥ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಇದನ್ನು ನಾವೆಲ್ಲ ತರಗತಿಯಲ್ಲಿ ಓದಿದ್ದೇವೆ. ಆದರೆ ಪ್ರಕಟವಾಗುವ ಮೊದಲು ಆ ಹೆಸರು ಎಲ್ಲೆಲ್ಲಿ ಓಡಾಡುತ್ತದೆ? ವಾಟ್ಸ್‌ಆ್ಯಪ್ ಗುಂಪಿನಲ್ಲಿ, ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂಬ ಕಡತಗಳಲ್ಲಿ, ಯಾವುದೋ ದೇಶದ ಸರ್ವರ್‌ನಲ್ಲಿ. ಇದನ್ನು ಯಾರೂ ಕೇಳುವುದಿಲ್ಲ.

ಕರಡುಗಳಿಗೆ ನಮ್ಮದೇ ಗಿಟ್ ಸರ್ವರ್ ಬೇಕು ಎಂದಾಗ ನಮ್ಮೊಳಗೇ ನಕ್ಕವರಿದ್ದಾರೆ. ಗಿಟ್‌ಹಬ್‌ನಲ್ಲಿ ‘ಪ್ರೈವೇಟ್’ ಖಾತೆ ಪುಕ್ಕಟೆ ಸಿಗುವಾಗ ಈ ಉಸಾಬರಿ ಯಾಕೆ ಎಂಬುದು ಅವರ ಪ್ರಶ್ನೆ. ಪ್ರೈವೇಟ್ ಎಂದರೆ ದಾರಿಹೋಕರಿಗೆ ಬಾಗಿಲು ಹಾಕಿದೆ ಎಂದಷ್ಟೇ. ಇನ್ನೊಂದು ಕೀಲಿ ಮನೆ ಮಾಲೀಕನ ಹತ್ತಿರವೇ ಇರುತ್ತದೆ. 2019ರಲ್ಲಿ ಅಮೆರಿಕದ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದ ಬಳಕೆದಾರರ ಖಾಸಗಿ ಕಡತಗಳಿಗೇ ಗಿಟ್‌ಹಬ್ ಬೀಗ ಹಾಕಿತ್ತು. ಗಿಟ್ ಹುಟ್ಟಿದ್ದೂ ಇಂಥದ್ದೇ ಪೆಟ್ಟಿನಿಂದ. ಬಿಟ್‌ಕೀಪರ್ ಎಂಬ ಕಂಪನಿ ತಂತ್ರಾಂಶದ ಪುಕ್ಕಟೆ ಬಳಕೆ ನಿಂತುಹೋದಾಗ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

‘ನಮ್ಮ ಕಡೆ ಕರೆಂಟೇ ನಿಲ್ಲುವುದಿಲ್ಲ, ಸರ್ವರ್ ಎಲ್ಲಿಂದ?’ ನಿಲ್ಲದಿದ್ದರೆ ನಿಲ್ಲದಿರಲಿ. ಗಿಟ್‌ನಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಇತಿಹಾಸ ಇರುತ್ತದೆ; ಕರೆಂಟ್ ಬಂದ ಮೇಲೆ ಕಳಿಸಿದರಾಯಿತು. ಹಳೇ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈಯೋ ಸಾಕು, ಅದರ ಮೇಲೆ ಫೋರ್ಜೆಜೊ ಓಡುತ್ತದೆ. ಅದನ್ನು ಬಯಲಿಗೆ ತೆರೆದಿಡದೆ, ವೈರ್‌ಗಾರ್ಡ್ ಮೂಲಕ ನಮ್ಮವರಿಗೆ ಮಾತ್ರ ದಾರಿ ಬಿಡಬೇಕು. ಬ್ಯಾಕಪ್ ಬೇರೆ ಊರಲ್ಲಿರಬೇಕು. ಎಲ್ಲರ ಲ್ಯಾಪ್‌ಟಾಪ್‌ಗೂ ಡಿಸ್ಕ್ ಎನ್‌ಕ್ರಿಪ್ಶನ್ ಕಡ್ಡಾಯ. ನುಡಿಯ ಹಳೆಯ ಫಾಂಟ್ ಕಡತಗಳನ್ನು ಯುನಿಕೋಡ್‌ಗೆ ತಂದು, ಸಾಲಿಗೊಂದು ವಾಕ್ಯದಂತೆ ಬರೆದರೆ ಯಾರು ಯಾವ ಮಾತು ಬದಲಿಸಿದರು ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೆ ಗಿಟ್ ಏನನ್ನೂ ಮರೆಯುವುದಿಲ್ಲ. ಇವತ್ತು ಅಳಿಸಿದ ಹೆಸರು ನಿನ್ನೆಯ ಆವೃತ್ತಿಯಲ್ಲಿ ಕೂತೇ ಇರುತ್ತದೆ. ಹಾಗಾಗಿ ಸಂತ್ರಸ್ತೆಯ ಹೆಸರು ಕರಡಿಗೆ ಬರಲೇಬಾರದು. ‘ಅ’, ‘ಆ’ ಎಂದು ಬರೆಯಿರಿ. ಸ್ವಂತ ಸರ್ವರ್ ಇದೆ ಎಂಬ ಧೈರ್ಯಕ್ಕೆ ಈ ಶಿಸ್ತು ಬಿಟ್ಟರೆ ಅದೂ ಒಂದು ವಾಟ್ಸ್‌ಆ್ಯಪ್ ಗುಂಪೇ.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದರು. ಅಂಥ ವಿಷಯದಲ್ಲಿ ಕೆಲಸ ಕಳೆದುಕೊಂಡವರು, ಹರಿಗೋಲು ಹಾಕುವವರು ನಮ್ಮೆದುರು ಬಾಯಿ ಬಿಡುವುದು ನಂಬಿಕೆಯ ಮೇಲೆ. ಅವರು ನಂಬಿದ್ದು ನಮ್ಮನ್ನು, ಯಾವುದೋ ಕಂಪನಿಯ ಷರತ್ತುಗಳನ್ನಲ್ಲ. ಆ ನಂಬಿಕೆಗೆ ಕಾವಲು ಕೂರುವ ಕೆಲಸವನ್ನು ಹೊರಗುತ್ತಿಗೆ ಕೊಡಬೇಡಿ.