ಗಣಿ ಮುಚ್ಚಿದ ಮೇಲೆ ದಿಬ್ಬ ಕಾಯುವವರಾರು?

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಆಷಾಢದ ಗಾಳಿ ಎದ್ದಿತೆಂದರೆ ನುಣುಪಾದ ಧೂಳು ಮನೆಯೊಳಗೂ ಹೊಲದ ಮೇಲೂ ಬಂದು ಕೂರುತ್ತದೆ. ಜನರು ‘ಸೈನೈಡ್ ದಿಬ್ಬ’ ಎಂದು ಕರೆಯುವ ರಾಶಿಗಳಿಂದ ಏಳುವ ಧೂಳಿದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ನಡೆದುಬಂದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ದಿಬ್ಬಗಳು ಮಾತ್ರ ಬಯಲಿನಲ್ಲಿಯೇ ಉಳಿದವು. ಗಣಿ ಮುಚ್ಚುವ ಯೋಜನೆಯನ್ನು ಮುಂಚಿತವಾಗಿಯೇ ಸಿದ್ಧಪಡಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದುದು 2003ರಲ್ಲಿ, ಅಂದರೆ ಈ ಗಣಿ ಮುಚ್ಚಿ ಎರಡು ವರ್ಷಗಳಾದ ಮೇಲೆ.

ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ನಂತರ ಉಳಿದ ಕೆಸರೇ ಈ ದಿಬ್ಬ. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಇಂತಹ ಪುಡಿ ಇದೆ. ಸೈನೈಡ್ ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೆ ಅದಿರಿನೊಡನೆ ಬಂದ ಆರ್ಸೆನಿಕ್‌ನಂತಹ ಧಾತುಗಳು ಎಷ್ಟು ವರ್ಷ ಕಳೆದರೂ ನಾಶವಾಗುವುದಿಲ್ಲ. ಈ ಪುಡಿಯಲ್ಲಿ ಸಾವಯವ ಪದಾರ್ಥವಾಗಲಿ ಸಾರಜನಕವಾಗಲಿ ಇಲ್ಲವೆಂದೇ ಹೇಳಬಹುದು. ಆದುದರಿಂದ ಹಸಿರು ತಾನಾಗಿ ಹಬ್ಬುವುದು ಬಹು ನಿಧಾನ.

ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ನೀಡಿತು. ಕೆಲಸ ಕಳೆದುಕೊಂಡ ಊರಿಗೆ ಇದರಿಂದ ನಾಲ್ಕು ಕಾಸು ಬರುವುದಾದರೆ ಸಂತೋಷವೇ. ಆದರೆ ಒಂದು ಲೆಕ್ಕವನ್ನು ಮರೆಯಬಾರದು. ಒಂದು ಟನ್ ಪುಡಿಯಲ್ಲಿರುವ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ಅಳೆಯಬೇಕು. ಚಿನ್ನ ಹೋದರೂ ರಾಶಿ ಕರಗುವುದಿಲ್ಲ. ಜಾಗ ಬದಲಾಯಿಸುತ್ತದೆ, ಅಷ್ಟೆ. ಆ ಹೊಸ ರಾಶಿಯನ್ನು ಯಾರು, ಎಷ್ಟು ವರ್ಷ, ಯಾವ ಹಣದಿಂದ ನೋಡಿಕೊಳ್ಳಬೇಕು ಎಂಬುದು ಮೊದಲ ಗುದ್ದಲಿ ಬೀಳುವ ಮುನ್ನವೇ ತೀರ್ಮಾನವಾಗಬೇಕೆಂದು ನನ್ನ ಸ್ಪಷ್ಟ ಅಭಿಪ್ರಾಯ.

ನೋಡಿಕೊಳ್ಳುವುದೆಂದರೆ ವನಮಹೋತ್ಸವದ ದಿನ ಸಸಿ ನೆಟ್ಟು ಮರಳುವುದಲ್ಲ. ಮೊದಲು ದಿಬ್ಬದ ಇಳಿಜಾರನ್ನು ತಗ್ಗಿಸಿ ಮೆಟ್ಟಿಲು ಮಾಡಬೇಕು. ಬುಡದಲ್ಲಿ ಹೂಳು ತಡೆಯುವ ಗುಂಡಿಗಳಿರಬೇಕು; ಮಳೆಗಾಲಕ್ಕೆ ಮುನ್ನ ಅವುಗಳನ್ನು ಬರಿದು ಮಾಡಬೇಕು. ಮೇಲೆ ಒಳ್ಳೆಯ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಹರಡಬೇಕು. ದಿಬ್ಬದ ನೀರು ಹರಿದು ಸೇರುವ ಕೆರೆಯ ಗೋಡನ್ನು ಇದಕ್ಕಾಗಲಿ ಹೊಲಕ್ಕಾಗಲಿ ಪರೀಕ್ಷಿಸದೆ ಹಾಕಕೂಡದು. ಮೊದಲು ಲಾವಂಚ, ಅನಂತರ ಕತ್ತಾಳೆ, ಹೊಂಗೆ, ಸರ್ವೆ ಗಿಡಗಳು ಬರಲಿ. ಕನಿಷ್ಠ ಮೂರು ಬೇಸಿಗೆಯಾದರೂ ಸಸಿಗಳಿಗೆ ನೀರು, ಕಾವಲು ಬೇಕು. ಸತ್ತ ಕಡೆ ಮತ್ತೆ ನೆಡಬೇಕು.

ಇಲ್ಲಿ ರಾಗಿ, ತರಕಾರಿ ಅಥವಾ ಮೇವು ಬೆಳೆಯುವ ಆಸೆ ಬೇಡ. ಬೇರು ಹೀರಿದ ಧಾತು ಎಲೆಗೆ, ಎಲೆಯಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರಬಹುದು. ದಿಬ್ಬವಿಲ್ಲದ, ಕೆಳಗೆ ಸುರಂಗವಿಲ್ಲದ ಗಣಿ ಜಮೀನನ್ನು ಮಾತ್ರ ಬೇರೆಯಾಗಿ ಗುರುತಿಸಿ, ಮಣ್ಣು ಪರೀಕ್ಷಿಸಿ, ಊರಿನ ಉಪಯೋಗಕ್ಕೆ ಬಿಡಬಹುದು. ಯಾವುದು ಸಾಗುವಳಿಗೆ ತಕ್ಕುದು, ಯಾವುದು ಅಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಮ್ಮಂತಹ ವಿಜ್ಞಾನಿಗಳ ಹೊಣೆ.

ಇನ್ನು ಹಣದ ಮಾತು. 2015ರ ತಿದ್ದುಪಡಿಯಂತೆ ಸ್ಥಾಪನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಗಣಿಗಳು ರಾಜಧನದ ಆಧಾರದ ಮೇಲೆ ವಂತಿಗೆ ಕೊಡುತ್ತವೆ. ಅದಿರು ನಿಂತರೆ ವಂತಿಗೆಯೂ ನಿಲ್ಲುತ್ತದೆ. ದಿಬ್ಬದ ಕೆಲಸ ನಿಲ್ಲುವುದಿಲ್ಲ. ಆದುದರಿಂದ ಚಿನ್ನ ಮಾರಿದ ಹಣದಲ್ಲಿ ಒಂದು ಪಾಲನ್ನು ಮೊದಲ ದಿನದಿಂದಲೇ ಪ್ರತ್ಯೇಕ ನಿಧಿಯಾಗಿ ಇಡಬೇಕು. ನಗರಸಭೆ ಹಾಗೂ ಸುತ್ತಲಿನ ಪಂಚಾಯಿತಿಗಳಿಗೆ ಅದರಲ್ಲಿ ಅಧಿಕಾರವಿರಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಬಾವಿ, ಕೊಳವೆ ಬಾವಿ, ಕೆರೆಗಳ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡ ಮತ್ತು ತಮಿಳುಗಳೆರಡರಲ್ಲೂ ಊರಿನ ಫಲಕದಲ್ಲಿ ಹಾಕಬೇಕು.

ಆ ಸೀಮೆಯ ರೈತ ಬಾಂಧವರು ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಕೆಲಸ ಸಿಗುತ್ತದೆ ಎಂದು ಕೇಳಲಿ. ಜೊತೆಗೇ, ಇಪ್ಪತ್ತು ವರ್ಷಗಳ ನಂತರ ಈ ಧೂಳಿಗೆ ಹೊಣೆ ಯಾರು ಎಂದೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಲಿ.